ಕೆರೆ ಏರಿ ಮೇಲೆ ಸೀರೆ ಹಿಡಿದು ನಿಂತೆವು: ನನ್ನ ಅನುಭವ

ರಸ್ತೆ ತಡೆ ಮಾಡದಿದ್ದರೆ ಯಾರೂ ತಿರುಗಿ ನೋಡಲ್ಲ ಅಂತ ನಮ್ಮೂರಿನ ಹಳೇ ಹೋರಾಟಗಾರರೆಲ್ಲ ಹೇಳಿದ್ದರು. ಮೂರನೇ ಸಲ ನಾನು ಒಪ್ಪಲಿಲ್ಲ. ಈಗ ಕೆರೆಗೆ ಬೀಳುತ್ತಿದ್ದ ದೊಡ್ಡ ಮೋರಿ ನಿಂತಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ಸಲ ನಾವೂ ಎಲ್ಲರ ಹಾಗೇ ಮಾಡಿದ್ದೆವು. ಸೋಮವಾರ 11 ಗಂಟೆಗೆ ಕಚೇರಿ ಮುಂದೆ ಶಾಮಿಯಾನ, ಮೈಕ್, ನೂರು ಕುರ್ಚಿ, 150 ಜನಕ್ಕೆ ಚಿತ್ರಾನ್ನ. ಸುಮಾರು 23 ಸಾವಿರ ಖರ್ಚು. ಬಂದವರು 40 ಜನ, ಅದರಲ್ಲಿ ಭಾಷಣ ಮಾಡುವವರೇ 9. ವಾರದ ಮೊದಲ ದಿನ ಕೂಲಿ ಬಿಟ್ಟು ಯಾರು ಬರ್ತಾರೆ? ಸಾಹೇಬರು ಮೀಟಿಂಗ್‌ಗೆ ಹೋಗಿದ್ದರು, ಗುಮಾಸ್ತರ ಕೈಗೆ ಮನವಿ ಕೊಟ್ಟು ಬಂದೆವು. ಉಳಿದ ಚಿತ್ರಾನ್ನ ನೋಡಿ ಹೊಟ್ಟೆ ಉರಿಯಿತು. ಎರಡನೇ ಸಲ ರಸ್ತೆಯಲ್ಲೇ ಕೂತೆವು. ಹಾಲಿನ ವ್ಯಾನ್ ಸಿಕ್ಕಿಹಾಕಿಕೊಂಡು, ಕೆರೆ ಪಕ್ಕದ ಬೀದಿಯವರೇ ನಮಗೆ ಬೈದರು.

2016ರ ಅಕ್ಟೋಬರ್ 16, ಭಾನುವಾರ ಬೆಂಗಳೂರಿನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡ ಅಂತ ಸಾವಿರಾರು ಜನ ಮಾನವ ಸರಪಳಿ ಮಾಡಿದ್ದು, ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟದ್ದು ನನ್ನ ತಲೆಯಲ್ಲಿತ್ತು. ನಮ್ಮ ಕೆರೆ ಏರಿ ಮೇಲೂ ಭಾನುವಾರ ಹಾಗೇ ನಿಲ್ಲೋಣ ಅಂದೆ. ಭಾನುವಾರ ಕಚೇರಿಗೆ ಬೀಗ, ಯಾರಿಗೆ ತೋರಿಸ್ತೀಯ ಅಂತ ಹಳೇ ಹೋರಾಟಗಾರರು ಕೇಳಿದರು. ಭಾನುವಾರ ಜನ ಸೇರಿಸೋಣ, ಸೋಮವಾರ ಐದೇ ಜನ ಫೋಟೋ ಹಿಡಿದು ಹೋಗೋಣ ಅಂದೆ.

ನಮ್ಮ ಏರಿ 600 ಮೀಟರ್. ಬರಿ ಕೈ ಹಿಡಿದು ನಿಂತರೆ 400 ಜನ ಬೇಕು, ಬರುವುದು 250 ಅಂತ ಗೊತ್ತಿತ್ತು. ಹಗ್ಗ ಹಿಡಿದು ನೋಡಿದೆವು, ದೂರದಿಂದ ಕಾಣಲೇ ಇಲ್ಲ. ಆಮೇಲೆ ಸೀರೆ. ಐದೂವರೆ ಮೀಟರ್ ಉದ್ದಕ್ಕೂ ಬಿಟ್ಟರೆ ನಡುವೆ ಜೋತು ಬೀಳುತ್ತೆ, ಗಾಳಿಗೆ ಹಾರುತ್ತೆ, ಹತ್ತು ನಿಮಿಷಕ್ಕೆ ತೋಳು ನೋವು. ಎರಡು ಮಡಿಕೆ ಮಾಡಿ ಹಿಡಿದಾಗ ಸರಿಹೋಯಿತು. ಮನೆಯಿಂದಲೇ ತಂದರು, ಖರ್ಚಿಲ್ಲ.

ರೈತ ಸಂಘದವರು ಪ್ರೊ. ನಂಜುಂಡಸ್ವಾಮಿಯವರ ಕಾಲದಲ್ಲಿ ನಕ್ಕು ಪ್ರತಿಭಟಿಸಿದ್ದರಲ್ವಾ, ಅದನ್ನೂ ರಿಹರ್ಸಲ್‌ನಲ್ಲಿ ನೋಡಿದೆವು. ಎರಡೇ ನಿಮಿಷಕ್ಕೆ ನಗು ಮುಗಿಯಿತು. ಅವರಿಗಿದ್ದ ಪಳಗಿದ ಗಂಟಲು ನಮಗಿಲ್ಲ. ಮೌನವೇ ಇರಲಿ ಅಂತಾಯಿತು. ಮೈಕ್ ಇಲ್ಲದ್ದರಿಂದ ಮೈಕಿನ ಪರ್ಮಿಷನ್ ಓಡಾಟವೂ ತಪ್ಪಿತು. ಠಾಣೆಗೆ ಮಾತ್ರ ಹತ್ತು ದಿನ ಮೊದಲೇ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೆ. ಜಾಗ, ಸಮಯ, ಜವಾಬ್ದಾರರ ಫೋನ್ ನಂಬರ್ ಎಲ್ಲ ಅದರಲ್ಲೇ ಇತ್ತು. 25 ಜನಕ್ಕೆ ಒಬ್ಬ ಸ್ವಯಂಸೇವಕ, ಅವರ ಹೆಗಲಿಗೆ ಹಸಿರು ಟವೆಲ್. ಯಾರಾದರೂ ಕೆಣಕಿದರೆ ಮಾತಾಡುವುದು ಅವರು ಮಾತ್ರ. ಒಬ್ಬ ಕುಡಿದು ಬಂದು ಕೂಗಾಡಿದ, ಇಬ್ಬರು ಹೆಗಲ ಮೇಲೆ ಕೈ ಹಾಕಿ ಟೀ ಅಂಗಡಿಗೆ ಕರೆದುಕೊಂಡು ಹೋದರು, ಅಷ್ಟೇ.

ಬೆಳಿಗ್ಗೆ ಏಳೂವರೆಗೆ 240 ಜನ, 20 ನಿಮಿಷ. ನೀರಿನ ಕ್ಯಾನ್, ಕರಪತ್ರ, ಎರಡು ಬಟ್ಟೆ ಬ್ಯಾನರ್, ಟವೆಲ್ ಸೇರಿ 4 ಸಾವಿರ ಚಿಲ್ಲರೆ. ಏಳು ಬೀದಿಯವರು ಹೇಳಿದ ಸಮಯಕ್ಕೇ ಹೇಗೆ ಬಂದರು ಅನ್ನುವುದನ್ನು ಇಲ್ಲಿ ಬರೆಯಲ್ಲ, ಅದನ್ನು ಇನ್ನೊಮ್ಮೆ ಬಳಸಬೇಕಿದೆ. ಓವರ್‌ಹೆಡ್ ಟ್ಯಾಂಕ್ ಮೇಲಿಂದ ಒಬ್ಬ ಹುಡುಗ ತೆಗೆದ ಫೋಟೋದಲ್ಲಿ ಕಪ್ಪು ನೀರು, ಅದರ ಸುತ್ತ ಬಣ್ಣಬಣ್ಣದ ಸೀರೆ. ನೋಡಿ ನನ್ನ ಕಣ್ಣು ತುಂಬಿತು.

ಸೋಮವಾರ ಆ ಫೋಟೋ ಮೇಜಿನ ಮೇಲಿಟ್ಟಾಗ ಸಾಹೇಬರು ಕುರ್ಚಿ ತೋರಿಸಿದರು. ಒಂದೂವರೆ ತಿಂಗಳಲ್ಲಿ ಮೋರಿ ನೀರು ಕೆರೆಗೆ ಬೀಳದ ಹಾಗೆ ಪೈಪ್ ಬಂತು. ಕೋಡಿ ಕಡೆ ಇನ್ನೊಂದು ಮೋರಿ ಉಳಿದಿದೆ. ಆ ದಂಡೆ 900 ಮೀಟರ್, ಸೀರೆ ಲೆಕ್ಕ ಶುರು ಮಾಡಿದ್ದೇವೆ.