ಮೊದಲು 50 ಪೈಸೆಯ ಕಾರ್ಡು, ಆಮೇಲೆ ಫೋನು

‘ಫೋನಿನಲ್ಲಿ ಮಾತ್ರೆ ವಿಚಾರಿಸಲು ನೀನೇನು ಡಾಕ್ಟರೇ?’ ಎಂದು ನಕ್ಕವರಲ್ಲಿ ನಮ್ಮ ಭಾವನವರೇ ಮೊದಲಿಗರು. ಸಾಗರದಲ್ಲಿ 22 ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ವಯಸ್ಸು 65 ದಾಟಿ, ದಿನಕ್ಕೆ ಐದಾರು ಬಗೆಯ ಮಾತ್ರೆ ನುಂಗುವ ಗಿರಾಕಿಗಳು ನನ್ನ ಪುಸ್ತಕದಲ್ಲಿ ಸುಮಾರು 150. ಅರ್ಧಕ್ಕರ್ಧ ಜನರ ಮುಖವನ್ನೇ ನಾನು ನೋಡುವುದಿಲ್ಲ. ಮಗನೋ ಬಸ್ ಕಂಡಕ್ಟರೋ ಚೀಟಿ ತಂದು ಮಾತ್ರೆ ಒಯ್ಯುತ್ತಾರೆ. ಶರಾವತಿ ಹಿನ್ನೀರಿನ ಆಚೆ ಇರುವ ತುಮರಿ ಕಡೆಯವರಂತೂ ಸೇತುವೆ ಆಗುವವರೆಗೆ ಲಾಂಚ್ ಹತ್ತಿ ಬರಬೇಕಿತ್ತು. ಅವರ ಮನೆಯ ಡಬ್ಬಿಯೊಳಗೆ ನಿಜವಾಗಿ ಏನೇನಿದೆ ಎಂದು ತಿಳಿಯಬೇಕಾದರೆ ಫೋನೇ ಗತಿ.

ಮೊದಲ ಮೂರು ತಿಂಗಳು ದುಡ್ಡು ನೀರಿಗೆ ಹೋಯಿತು. ಹೊಸ ಸಿಮ್ ತೆಗೆದುಕೊಂಡೆ. ತಿಂಗಳಿಗೆ 7,000ದಂತೆ ಅರ್ಧ ದಿನದ ಕೆಲಸಕ್ಕೆ ಒಬ್ಬ ಹುಡುಗಿಯನ್ನು ಇಟ್ಟೆ. ‘ಅಜ್ಜಾ, ನೀವು ಯಾವ ಮಾತ್ರೆ...’ ಎನ್ನುವಷ್ಟರಲ್ಲಿ ಆ ಕಡೆ ಫೋನ್ ಕಟ್. ಅವರದೇನು ತಪ್ಪು? ಗುರುತಿಲ್ಲದ ನಂಬರು ಎತ್ತಿದರೆ ಒಂದೋ ಸಾಲ ಕೊಡುವವರು, ಇಲ್ಲವೇ ಒಟಿಪಿ ಕೇಳುವ ಕಳ್ಳರು. 60 ಮನೆಗೆ ಮಾಡಿದ್ದರಲ್ಲಿ ಮಾತಿಗೆ ಸಿಕ್ಕವರು ಎಂಟೋ ಒಂಬತ್ತೋ. ಎಲ್ಲರಿಗೂ ಒಟ್ಟಿಗೆ ಎಸ್ಎಂಎಸ್ ಕಳಿಸೋಣವೆಂದರೆ, ಅದಕ್ಕೆ ಟೆಲಿಕಾಂ ಕಂಪನಿಯಲ್ಲಿ ಮಾಡಿಸಬೇಕಾದ ಡಿಎಲ್‌ಟಿ ನೋಂದಣಿಗೇ ಐದಾರು ಸಾವಿರ ಬಿತ್ತು. ಆ ಸಂದೇಶಗಳನ್ನು ಓದಿದ್ದು ಮೊಮ್ಮಕ್ಕಳು, ಅಳಿಸಿದ್ದೂ ಅವರೇ.

ಕೊನೆಗೆ ಅಂಚೆ ಕಚೇರಿಗೆ ಹೋಗಿ 200 ಹಳದಿ ಕಾರ್ಡು ತಂದೆ. ಕಾರ್ಡಿಗೆ 50 ಪೈಸೆಯಂತೆ ನೂರು ರೂಪಾಯಿ. ‘ಬರುವ ಮಂಗಳವಾರ ಬೆಳಿಗ್ಗೆ ಅಂಗಡಿಯ ಈ ನಂಬರಿನಿಂದ ನಾನೇ ಫೋನ್ ಮಾಡುತ್ತೇನೆ, ಮಾತ್ರೆಯ ಡಬ್ಬಿ ಮತ್ತು ಕನ್ನಡಕ ಹತ್ತಿರ ಇರಲಿ’ ಎಂದು ಕೈಯಲ್ಲೇ ಬರೆದೆ. ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದುತ್ತಾರೆ, ಹಾಗಾಗಿ ಕಾಯಿಲೆಯ ಹೆಸರಾಗಲಿ ಮಾತ್ರೆಯ ಹೆಸರಾಗಲಿ ಬರೆಯಲಿಲ್ಲ. ಆ ಮಂಗಳವಾರ ಹತ್ತರಲ್ಲಿ ಏಳು ಜನ ಫೋನ್ ಎತ್ತಿದರು. ಇಬ್ಬರು, ನಾನು ಹತ್ತು ನಿಮಿಷ ತಡ ಮಾಡಿದ್ದಕ್ಕೆ ಅವರೇ ಮಾಡಿ ಬೈದರು!

‘ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ’ ಎಂದು ಕೇಳಿದರೆ ಹೌದು ಎಂದೇ ಉತ್ತರ. ನಾನು ಅದನ್ನು ಕೇಳುವುದೇ ಇಲ್ಲ, ಡಬ್ಬಿ ಸುರಿಯಿರಿ ಎನ್ನುತ್ತೇನೆ. ಒಬ್ಬ ಅಜ್ಜಿ ಹಾರ್ಲಿಕ್ಸ್ ಡಬ್ಬಿಯನ್ನು ಜಗಲಿಯ ಮೇಲೆ ಮಗುಚಿದ ಸದ್ದು ನನಗೇ ಕೇಳಿಸಿತು. ಅವರಿಗೆ ಇಂಗ್ಲಿಷ್ ಓದಲು ಬಾರದು. ಮೊದಲ ಅಕ್ಷರ ಹೇಗಿದೆ ಎಂದೆ. ‘ಕಂಬದ ಮೇಲೆ ತೊಲೆ ಇಟ್ಟ ಹಾಗಿದೆ ತಮ್ಮಾ. ಇನ್ನೊಂದರಲ್ಲೂ ಅದೇ ತೊಲೆ.’ ಅಂಕಿ? ಎರಡರಲ್ಲೂ 40. ಒಂದು ನನ್ನ ಅಂಗಡಿಯ ಕಂಪನಿ ಮಾತ್ರೆ, ಇನ್ನೊಂದು ಮಗ ತಂದ ಜನೌಷಧಿ ಶೀಟು. ಎರಡೂ ಟೆಲ್ಮಿಸಾರ್ಟನ್ ಎಂಬ ಒಂದೇ ಬಿಪಿ ಮಾತ್ರೆ. ಬೆಳಿಗ್ಗೆ ಏಳುವಾಗ ತಲೆ ತಿರುಗುತ್ತದೆ ಎಂದು ಗೋಡೆ ಹಿಡಿದು ನಡೆಯುತ್ತಿದ್ದರಂತೆ. ಮಾತ್ರೆ ನಿಲ್ಲಿಸುವುದು ನನ್ನ ಕೆಲಸವಲ್ಲ. ಅಂದೇ ಅವರ ಡಾಕ್ಟರಿಗೆ ತಿಳಿಸಿದೆ, ಅವರು ಒಂದನ್ನು ತೆಗೆಸಿದರು. ಏಕಾದಶಿ ಉಪವಾಸದ ದಿನವೂ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ನುಂಗುವವರು, ಥೈರಾಯ್ಡ್ ಮಾತ್ರೆಯನ್ನು ಕಾಫಿಯ ಜೊತೆ ಇಳಿಸುವವರು, ಬಿಪಿ ಮಾತ್ರೆಯ ಜೊತೆ ದಿನವೂ ಮಂಡಿನೋವಿನ ಡೈಕ್ಲೋಫೆನಾಕ್ ನುಂಗುವವರು, ಹೀಗೆ ಮಾಡಬಾರದ್ದನ್ನು ಮಾಡುವವರು ಬೇಕಾದಷ್ಟು ಸಿಕ್ಕರು.

ನಡುವೆ ಒಂದು ಅತಿಬುದ್ಧಿ. ಕಿವಿ ಮಂದವಾದವರಿಗೆ ಫೋನು ಬೇಡವೆಂದು, ವಾರದ ಏಳು ಖಾನೆಯ ಡಬ್ಬಿಗಳನ್ನು ತಲಾ 120 ರೂಪಾಯಿಯಂತೆ 20 ತರಿಸಿ ಮಾತ್ರೆ ಬಿಡಿಸಿ ತುಂಬಿಸಿದೆ. ಜುಲೈ ಮಳೆ ಹಿಡಿಯಿತು. ಟೆಲ್ಮಿಸಾರ್ಟನ್‌ಗೆ ತೇವ ಆಗದು ಎಂಬುದು ಗೊತ್ತಿದ್ದೂ ಮರೆತಿದ್ದೆ. ನಾಲ್ಕನೇ ದಿನಕ್ಕೆ ಖಾನೆಯಲ್ಲಿ ಹಿಟ್ಟು. ಡಬ್ಬಿಗಳು ಈಗ ನನ್ನ ಹೆಂಡತಿಯ ಹೊಲಿಗೆ ಗುಂಡಿಗಳಿಗೆ ಆಗಿವೆ.

ಆ ಅಜ್ಜಿಯ ತಿಂಗಳ ಬಿಲ್ಲು 1,800ರಿಂದ 1,400ಕ್ಕೆ ಇಳಿಯಿತು ಎಂದಾಗ ಭಾವ ಹಣೆ ಚಚ್ಚಿಕೊಂಡರು. ಅಜ್ಜಿಯ ಕೇರಿಯಿಂದಲೇ ಹೊಸದಾಗಿ ಮೂರು ಮನೆಯವರು ನನ್ನ ಅಂಗಡಿಗೆ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಕಳೆದ ತಿಂಗಳು, ಅಂದು ನಕ್ಕಿದ್ದ ಇನ್ನೊಬ್ಬ ಅಂಗಡಿಯವರು ಬಂದು ಕಾರ್ಡಿನ ಒಕ್ಕಣೆ ಬರೆದುಕೊಂಡು ಹೋದರು. ಸೊಸೆ ಫೋನ್ ಎತ್ತಿದರೆ ಅತ್ತೆಯ ಕೈಗೆ ಅದನ್ನು ಕೊಡಿಸಲು ನಾನು ಹೇಳುವ ಒಂದು ಮಾತಿದೆ. ಅದನ್ನೂ ಕೇಳಿದರು. ಕಾಫಿ ತರಿಸಿದೆ.