ಕಾಟಾ ಕಂಪ್ಯೂಟರಿನ 1072: ನನ್ನ ಅನುಭವ

ನೆಲ್ಲಿನ ಸುಗ್ಗಿಯಲ್ಲಿ ಕಾರಟಗಿಯ ರೈಸ್‌ಮಿಲ್ಲಿನ ಕಾಟಾ, ಅಂದರೆ ಲಾರಿ ತೂಗುವ ಯಂತ್ರ, ಕೈಕೊಟ್ಟರೆ ಫೋನು ಗಂಗಾವತಿಯ ನನ್ನ ಕಂಪ್ಯೂಟರ್ ಅಂಗಡಿಗೆ ಬರುತ್ತದೆ. ಹೋದ ನವೆಂಬರಿನಲ್ಲಿ ಗುಮಾಸ್ತರು ಹೇಳಿದ್ದು ಇಷ್ಟು: "ಅಣ್ಣಾರ, ಕರೆಂಟ್ ಹೋಗಿ ಬಂತು ನೋಡ್ರಿ, ಅವಾಗಿಂದ ತೂಕ ಕಂಪ್ಯೂಟರಿಗೆ ಬರವಲ್ದು. ಗೇಟಿನ ಹೊರಗ ಲಾರಿ ನಿಂತಾವು."

ಅಲ್ಲಿ ಕಾಟಾದ ಇಂಡಿಕೇಟರಿನಿಂದ (ತೂಕ ತೋರಿಸುವ ಪೆಟ್ಟಿಗೆ) ತೂಕ ಓದಿ ಬಿಲ್ಲಿಗೆ ಕೊಡುವುದು ವಿಂಡೋಸಿನ ಒಂದು ಸರ್ವೀಸ್, ಅಂದರೆ ತೆರೆಮರೆಯಲ್ಲಿ ಓಡುವ ಪ್ರೋಗ್ರಾಂ. ಯಾರೂ ಲಾಗಿನ್ ಆಗದಿದ್ದರೂ ಅದು ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಅವತ್ತು ಅದು ನಡೆಯುತ್ತಲೂ ಇರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. 'ಸ್ಟಾಪಿಂಗ್' ಎಂದು ತೋರಿಸಿಕೊಂಡು ಕೂತಿತ್ತು. ತೆಗೆದು ಹೊಸದಾಗಿ ಹಾಕುವುದೇ ಸರಿ ಎನಿಸಿತು. ಅದಕ್ಕೂ ಮೊದಲು ಆ ಸಾಫ್ಟ್‌ವೇರಿನ ಫೋಲ್ಡರ್ ಪೂರ್ತಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆ. ಎಷ್ಟೇ ಅವಸರವಿದ್ದರೂ ಈ ಐದು ನಿಮಿಷ ನಾನು ಬಿಡುವುದಿಲ್ಲ.

ಅನ್‌ಇನ್‌ಸ್ಟಾಲ್ ಆಯಿತು. ಮತ್ತೆ ಇನ್‌ಸ್ಟಾಲ್ ಮಾಡಿದರೆ ಎರರ್ 1072: ಈ ಸರ್ವೀಸನ್ನು ಅಳಿಸಲು ಗುರುತು ಹಾಕಲಾಗಿದೆ. ಇದನ್ನು ಕಂಡಾಗ ವಿಂಡೋಸ್ ಕೆಟ್ಟಿದೆ ಎಂದು ಫಾರ್ಮ್ಯಾಟ್‌ಗೆ ಕೈಹಾಕುವವರನ್ನು ನೋಡಿದ್ದೇನೆ. ಕೆಟ್ಟಿರುವುದು ಏನೂ ಇಲ್ಲ. ಅಳಿಸು ಎಂದಾಕ್ಷಣ ವಿಂಡೋಸ್ ಸರ್ವೀಸನ್ನು ಅಳಿಸುವುದಿಲ್ಲ. ಅದರ ಪ್ರೋಗ್ರಾಂ ನಿಂತಿರಬೇಕು, ಬೇರೆ ಯಾವ ಕಿಟಕಿಯೂ ಅದನ್ನು ಹಿಡಿದಿರಬಾರದು. ಅಲ್ಲಿಯವರೆಗೆ ಹೆಸರು ಪಟ್ಟಿಯಲ್ಲೇ ಇರುತ್ತದೆ, ಆ ಹೆಸರಿನಲ್ಲಿ ಹೊಸದು ಹುಟ್ಟುವುದಿಲ್ಲ.

ಮೊದಲು ಪ್ರೋಗ್ರಾಂ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಎಸ್‌ಸಿ ಕ್ವೆರಿಎಕ್ಸ್' ಎಂದು ಸರ್ವೀಸಿನ ಹೆಸರು ಕೊಟ್ಟರೆ ಅದರ ಪಿಐಡಿ, ಅಂದರೆ ಓಡುತ್ತಿರುವ ಪ್ರೋಗ್ರಾಮಿಗೆ ವಿಂಡೋಸ್ ಕೊಟ್ಟ ನಂಬರು, ಸಿಗುತ್ತದೆ. ಆ ನಂಬರಿನಿಂದ 'ಟಾಸ್ಕ್‌ಕಿಲ್' ಮಾಡಿ ನಿಲ್ಲಿಸಿದೆ. ಇದನ್ನು ವಿಂಡೋಸಿನ ಇನ್ನೊಂದು ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನ ಹಳೆಯ ಆವೃತ್ತಿಯಲ್ಲಿ ಮಾಡಬೇಡಿ. ಅಲ್ಲಿ 'ಎಸ್‌ಸಿ' ಅಂದರೆ ಫೈಲಿಗೆ ಬರೆಯುವ ಬೇರೆಯೇ ಕಮಾಂಡ್. ಸರ್ವೀಸನ್ನು ಅಳಿಸಲು 'ಎಸ್‌ಸಿ ಡಿಲೀಟ್' ಎಂದು ಅದರ ಹೆಸರು ಕೊಟ್ಟರೆ 'ಡಿಲೀಟ್' ಹೆಸರಿನ ಫೈಲೊಂದು ಹುಟ್ಟುತ್ತದೆ, ಎರರ್ ಬರುವುದಿಲ್ಲ, ಸರ್ವೀಸ್ ಇದ್ದಲ್ಲೇ ಇರುತ್ತದೆ. 'ಎಸ್‌ಸಿ'ಯ ಬಾಲಕ್ಕೆ 'ಡಾಟ್ ಇಎಕ್ಸ್‌ಇ' ಸೇರಿಸಿದರೆ ಮಾತ್ರ ಸರಿ.

ಅಷ್ಟಾದರೂ 1072 ಹೋಗಲಿಲ್ಲ. ಹಿಡಿದಿದ್ದು ನಾನೇ ತೆರೆದಿಟ್ಟ ಸರ್ವೀಸಸ್ ಕಿಟಕಿ. ಹೋಯಿತೋ ಇಲ್ಲವೋ ಎಂದು ಅದರಲ್ಲೇ ರಿಫ್ರೆಶ್ ಮಾಡಿ ನೋಡುತ್ತಿದ್ದೆ. ಅದನ್ನು ಮುಚ್ಚಿದೆ, ಟಾಸ್ಕ್ ಮ್ಯಾನೇಜರ್ ಮುಚ್ಚಿದೆ. ಆಗಲೂ ಇತ್ತು. ಗುಮಾಸ್ತರನ್ನು ಕೇಳಿದಾಗ ರಾತ್ರಿ ಪಾಳಿಯವರ ಲಾಗಿನ್ ಬೇರೆ ಇದೆ ಎಂದರು. ಆ ಲಾಗಿನ್‌ಗೆ ಹೋದರೆ ಅಲ್ಲೂ ಟಾಸ್ಕ್ ಮ್ಯಾನೇಜರ್ ತೆರೆದೇ ಇತ್ತು. ಮುಚ್ಚಿ ಸೈನ್ ಔಟ್ ಮಾಡಿ ಮತ್ತೆ ಕ್ವೆರಿ ಕೊಟ್ಟಾಗ 1060 ಬಂತು, ಅಂದರೆ ಆ ಹೆಸರಿನ ಸರ್ವೀಸೇ ಇಲ್ಲ. ಅವತ್ತು ನಾನು ಕಾಯುತ್ತಿದ್ದ ಎರರ್ ಅದೊಂದೇ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ್ದರೂ ಹೋಗುತ್ತಿತ್ತು ನಿಜ. ಆದರೆ ಬಿಲ್ಲಿನ ಡೇಟಾಬೇಸ್ ಅದೇ ಕಂಪ್ಯೂಟರಿನಲ್ಲಿತ್ತು, ಆಫೀಸಿನಲ್ಲಿ ಹಮಾಲರ ಲೆಕ್ಕ ನಡೆದಿತ್ತು.

ಈಗ ಇನ್‌ಸ್ಟಾಲ್ ಸಲೀಸಾಗಿ ಆಯಿತು. ಸ್ಟಾರ್ಟ್ ಕೊಟ್ಟರೆ 1053. ಸರ್ವೀಸ್ ಶುರುವಾದ ಸುದ್ದಿಯನ್ನು ವಿಂಡೋಸ್ ಸಾಮಾನ್ಯವಾಗಿ 30 ಸೆಕೆಂಡು ಕಾಯುತ್ತದೆ. ಅಷ್ಟರೊಳಗೆ ಉತ್ತರ ಬರದಿದ್ದರೆ ಈ ಎರರ್. ನಿಧಾನವೇ ಕಾರಣ ಎಂದು ಕೆಲವರು ವಿಂಡೋಸಿನ ಸೆಟ್ಟಿಂಗುಗಳ ಕಣಜವಾದ ರಿಜಿಸ್ಟ್ರಿಯಲ್ಲಿ ಆ ಅವಧಿ ಹೆಚ್ಚಿಸುತ್ತಾರೆ. ನಾನು ಮೊದಲು ಇವೆಂಟ್ ವ್ಯೂವರಿನ ಅಪ್ಲಿಕೇಶನ್ ಲಾಗ್ ನೋಡುತ್ತೇನೆ; ಪ್ರೋಗ್ರಾಂಗಳ ಎರರ್ ದಾಖಲಾಗುವುದು ಅಲ್ಲಿ. ಸೆಟ್ಟಿಂಗ್ ಫೈಲ್ ಸಿಗಲಿಲ್ಲ ಎಂದು ಅಲ್ಲಿ ಬರೆದಿತ್ತು, ಹುಡುಕಿದ್ದು ವಿಂಡೋಸಿನದೇ ಆದ ಸಿಸ್ಟಮ್32 ಫೋಲ್ಡರಿನಲ್ಲಿ! ಸರ್ವೀಸುಗಳು ತಮ್ಮ ಫೋಲ್ಡರಿನಿಂದಲ್ಲ, ಸಿಸ್ಟಮ್32ನಿಂದ ಶುರುವಾಗುತ್ತವೆ. ಆ ಫೈಲ್ ಎಲ್ಲಿದೆ ಎಂದು ಹೇಳುವ ಕಡೆ ಹೊಸ ಇನ್‌ಸ್ಟಾಲರ್ ಫೈಲಿನ ಹೆಸರನ್ನಷ್ಟೇ ಬರೆದಿತ್ತು, ಹಳೆಯದರಲ್ಲಿ ಫೋಲ್ಡರಿನ ಸಮೇತ ಪೂರ್ತಿ ದಾರಿ ಇತ್ತು. ಪೆನ್‌ಡ್ರೈವಿನಲ್ಲಿದ್ದ ನಕಲಿನಿಂದ ಹಳೆಯ ಸೆಟ್ಟಿಂಗ್ ತಂದಿಟ್ಟೆ. ಸರ್ವೀಸ್ ಎದ್ದಿತು, ಇಂಡಿಕೇಟರಿನ ತೂಕ ಪರದೆಯ ಮೇಲೆ ಬಂತು.

ಲಾರಿಗಳೆಲ್ಲ ಒಳಗೆ ಹೋಗಿ ಆಫೀಸಿನವರು ಕೆಲಸ ಮುಗಿಸಿ ಎದ್ದ ಮೇಲೆ ಸ್ಟಾರ್ಟ್‌ಅಪ್ ಟೈಪನ್ನು ಡಿಲೇಡ್ ಸ್ಟಾರ್ಟ್‌ಗೆ (ಕಂಪ್ಯೂಟರ್ ಆನ್ ಆದ ಸ್ವಲ್ಪ ಹೊತ್ತಿನ ಮೇಲೆ ಶುರುವಾಗುವಂತೆ) ಬದಲಿಸಿದೆ, ರಿಕವರಿ ಟ್ಯಾಬಿನಲ್ಲಿ ಬಿದ್ದರೆ ತಾನೇ ಮತ್ತೆ ಏಳುವಂತೆ ಇಟ್ಟೆ. ಕೊನೆಗೆ ಒಮ್ಮೆ ರೀಸ್ಟಾರ್ಟ್ ಮಾಡಿ, ಯಾರೂ ಲಾಗಿನ್ ಆಗದೆ ಐದು ನಿಮಿಷ ಕಾದೆವು. ಆಮೇಲೆ ಲಾಗಿನ್ ಆಗಿ ನೋಡಿದಾಗ ಸರ್ವೀಸ್ ಆಗಲೇ ಎದ್ದು ತೂಕ ಓದುತ್ತಿತ್ತು.