ಬಿಸುವಿನ ದಿನ ಒಂದೇ ಹಿಡಿ

ನಮ್ಮ ಕಡೆಯವರಿಗೆ ಹೊಸ ವರ್ಷಕ್ಕೇನೂ ಬರವಿಲ್ಲ. ಜನವರಿ ಒಂದು ಇದ್ದೇ ಇದೆ. ಯುಗಾದಿಗೆ ಬೆಂಗಳೂರಿನ ನೆಂಟರು ಫೋನ್ ಮಾಡಿ ಬೇವುಬೆಲ್ಲ ತಿಂದ್ರಾ ಅಂತ ಕೇಳುತ್ತಾರೆ. ನಮಗೆ ಏಪ್ರಿಲ್ ನಡುವಿಗೆ ಬರುವ ಬಿಸುವೇ ವರ್ಷದ ಮೊದಲ ದಿನ, ತುಳುವಿನ ಪಗ್ಗು ತಿಂಗಳ ಒಂದು. ಪಕ್ಕದ ಮನೆಯ ಮಲಯಾಳಿಗಳೂ ಅದೇ ದಿನ ವಿಷು ಮಾಡುತ್ತಾರೆ, ಆದರೆ ಅವರ ಕೊಲ್ಲವರ್ಷ ಶುರುವಾಗುವುದು ಆಗಸ್ಟಿನಲ್ಲಿ, ಚಿಂಗಂ ಒಂದಕ್ಕೆ. ಬ್ಯಾಂಕಿಗೆ ಏಪ್ರಿಲ್, ಶಾಲೆಗೆ ಜೂನ್. ಬದಿಯಡ್ಕದ ಹತ್ತಿರದ ನಮ್ಮ ಮನೆಯ ಚಾವಡಿಯಲ್ಲಿ ಕನ್ನಡದ್ದೊಂದು, ಮಲಯಾಳದ್ದೊಂದು ಕ್ಯಾಲೆಂಡರ್ ಅಕ್ಕಪಕ್ಕ ತೂಗುತ್ತವೆ. 1956ರ ನವೆಂಬರಿನಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತಲ್ಲ, ಅಂದಿನಿಂದ ಇಲ್ಲಿನ ಎಷ್ಟೋ ಮನೆಗಳಲ್ಲಿ ಹೀಗೇ. ಏಕಾದಶಿ ಇದರಲ್ಲಿ, ಸರಕಾರಿ ರಜೆ ಅದರಲ್ಲಿ.

ಇಷ್ಟೆಲ್ಲ ಹೊಸ ವರ್ಷ ಇದ್ದರೂ ನಾನು ಒಮ್ಮೆ ಜನವರಿಗೇ ಮರುಳಾದೆ. ಯಾರೋ ಕೊಟ್ಟ ಚಂದದ ಡೈರಿ. ಮೊದಲ ಪುಟದಲ್ಲಿ ಈ ವರ್ಷ ಮಾಡಬೇಕಾದದ್ದು ಅಂತ ಹನ್ನೆರಡು ಬರೆದೆ. ಬೆಳಿಗ್ಗೆ ನಡೆಯುವುದು, ಸಕ್ಕರೆ ಬಿಡುವುದು, ಅಟ್ಟ ಖಾಲಿ ಮಾಡುವುದು, ಸಂಗೀತ ಮತ್ತೆ ಶುರು ಮಾಡುವುದು, ಹೀಗೆ. ಮಾರ್ಚ್ ಬರುವಾಗ ಆ ಡೈರಿಯಲ್ಲಿ ಹಾಲಿನ ಲೆಕ್ಕ ಇತ್ತು. ಮೇ ತಿಂಗಳಲ್ಲಿ ಮೊದಲ ಪುಟವನ್ನೇ ಹರಿದು ಯಾರೋ ಹಪ್ಪಳದ ಎಣಿಕೆ ಬರೆದಿದ್ದರು. ಯಾರೋ ಅಂದರೆ ನಾನೇ.

ಅತ್ತೆ ಇದ್ದಿದ್ದರೆ ನಗುತ್ತಿದ್ದರು. ನಾನು ಮದುವೆಯಾಗಿ ಬಂದಾಗ ಈ ಮನೆಗೆ ಗದ್ದೆ ಇತ್ತು. ಬಿಸುವಿನ ಬೆಳಿಗ್ಗೆ ಕಣ್ಣು ಮುಚ್ಚಿಕೊಂಡೇ ಎದ್ದು ಬಂದು ಕಣಿ ನೋಡುವುದು. ಅಕ್ಕಿ, ತೆಂಗಿನಕಾಯಿ, ಬಣ್ಣದ ಸೌತೆ, ಮಾವು, ಗೇರುಹಣ್ಣು, ಒಂದು ಚೂರು ಚಿನ್ನ, ಕನ್ನಡಿ, ಕೊಂದೆ ಹೂ. ಹಿರಿಯರ ಕಾಲು ಹಿಡಿದಾದ ಮೇಲೆ ಮಾವ ಗದ್ದೆಯ ಮೂಲೆಗೆ ಹೋಗಿ ಸ್ವಲ್ಪ ಮಣ್ಣು ಕೆದಕಿ ಒಂದು ಹಿಡಿ ಬಿತ್ತ ಹಾಕಿ ಬರುತ್ತಿದ್ದರು. ಅದಕ್ಕೆ ಕೈಬಿತ್ತು ಅಂತ ಹೆಸರು. ಇಷ್ಟು ದೊಡ್ಡ ಗದ್ದೆಗೆ ಒಂದೇ ಹಿಡಿಯಾ ಅಂತ ನಾನು ಕೇಳಿದ್ದಕ್ಕೆ ಅತ್ತೆ, "ಉಳಿದದ್ದಕ್ಕೆ ಮಳೆ ಬರಬೇಕಲ್ಲ ಮಗಳೇ" ಎಂದಿದ್ದರು.

ಗದ್ದೆ ಈಗ ಅಡಕೆ ತೋಟವಾಗಿದೆ. ಬಿಸುವಿಗೆ ನಾನು ಹಾಕುವುದು ಬೆಂಡೆ ಬೀಜ, ಕೊಟ್ಟಿಗೆಯ ಹಿಂದೆ. ಆದರೆ ಡೈರಿ ಸೋತ ಮೇಲೆ ಆ ಮಾತು ನೆನಪಾಗಿ, ವರ್ಷಕ್ಕೊಂದೇ ಸಂಕಲ್ಪ ಅಂತ ಇಟ್ಟುಕೊಂಡೆ. ಕೈಬಿತ್ತಿನಷ್ಟು. ಒಂದು ವರ್ಷ ಬಾವಿಕಟ್ಟೆಯ ಸುತ್ತ ಜಾರದ ಹಾಗೆ ಕಲ್ಲು ಹಾಸಿಸುವುದು. ಒಂದು ವರ್ಷ ಬಿಪಿ ಮಾತ್ರೆ ಮರೆಯದೆ ತೆಗೆದುಕೊಳ್ಳುವುದು. ಇನ್ನೊಂದು ವರ್ಷ ಕುಂಬಳೆಯ ತಂಗಿಯನ್ನು ತಿಂಗಳಿಗೊಮ್ಮೆಯಾದರೂ ಹೋಗಿ ನೋಡುವುದು. ಮೂರೂ ಆಗಿವೆ. ಹನ್ನೆರಡರಲ್ಲಿ ಒಂದೂ ಆಗಿರಲಿಲ್ಲ. ಸಕ್ಕರೆ ಈಗಲೂ ಬಿಟ್ಟಿಲ್ಲ, ಅದು ಬೇರೆ.

ಮನೆಗೆಲಸದ ವಿಷಯ ಹಾಗಲ್ಲ. ಅದನ್ನು ಸಂಕಲ್ಪದ ಪಟ್ಟಿಗೆ ಸೇರಿಸಲೇಬೇಡಿ. ಅದಕ್ಕೆ ಕಾಲವೇ ಗಡುವು ಇಟ್ಟಿದೆ. ಬಿಸುವಿನಿಂದ ಪತ್ತನಾಜೆಗೆ, ಅಂದರೆ ಬೇಶ ತಿಂಗಳ ಹತ್ತಕ್ಕೆ, ನಲವತ್ತು ದಿನ. ಮೇ 24ರ ಆಸುಪಾಸು. ಅಂದಿಗೆ ಭೂತಕೋಲ, ಯಕ್ಷಗಾನದ ಆಟ ಎಲ್ಲ ಮುಗಿದು ಗೆಜ್ಜೆ ಬಿಚ್ಚುತ್ತಾರೆ. ನಮ್ಮ ಮನೆಯಲ್ಲೂ ಅಂದಿಗೆ ಅಟ್ಟ ತುಂಬಿರಬೇಕು. ಈ ನಲವತ್ತು ದಿನ ಸುಮ್ನೆ ಕೂತರೆ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯ ತಿಂಗಳಲ್ಲಿ, ಅಂಗಡಿಯೇ ಗತಿ.

ಮೊದಲು ಬಣ್ಣದ ಸೌತೆ. ತೊಟ್ಟು ಇಟ್ಟೇ ಕೊಯ್ಯಿರಿ. ಪೆಟ್ಟು ಬಿದ್ದದ್ದನ್ನು ಬೇರೆ ಮಾಡಿ, ಅದನ್ನು ಮೊದಲು ಸಾಂಬಾರಿಗೆ ಹಾಕಿ ಮುಗಿಸಿ. ಉಳಿದವನ್ನು ಬಾಳೆ ನಾರಿನಲ್ಲಿ ಕಟ್ಟಿ ಮಾಡಿನ ಕೆಳಗೆ ತೂಗುಹಾಕಿ. ಒಂದಕ್ಕೊಂದು ತಾಗಬಾರದು, ಅಷ್ಟೇ ಗುಟ್ಟು. ನೆಲದಲ್ಲಿ ರಾಶಿ ಹಾಕಿದರೆ ಒಂದು ಕೊಳೆತದ್ದು ಹತ್ತನ್ನು ಕೊಳೆಸುತ್ತದೆ. ಕುಂಬಳಕಾಯಿಯನ್ನೂ ಹೀಗೇ ತೂಗಬಹುದು, ಮೈಮೇಲಿನ ಬಿಳಿ ಬೂದಿಯನ್ನು ಮಾತ್ರ ಒರೆಸಬೇಡಿ.

ಆಮೇಲೆ ಉಪ್ಪುಸೊಳೆ, ಅಂದರೆ ಉಪ್ಪಿನಲ್ಲಿಟ್ಟ ಹಲಸಿನ ತೊಳೆ. ಚೆನ್ನಾಗಿ ಬಲಿತ, ಆದರೆ ಹಣ್ಣಿನ ಪರಿಮಳ ಬಾರದ ಹಲಸಿನಕಾಯಿ ಆಗಬೇಕು. ಸೊಳೆ ಬಿಡಿಸಿ, ಬೇಳೆ ಅಂದರೆ ಒಳಗಿನ ಬೀಜ ತೆಗೆದು, ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು. ಪುಡಿ ಉಪ್ಪು ಬೇಡ. ಮೇಲೆ ತಟ್ಟೆ, ತಟ್ಟೆಯ ಮೇಲೆ ತೊಳೆದು ಒಣಗಿಸಿದ ಕಲ್ಲು. ನಾಲ್ಕಾರು ದಿನದಲ್ಲಿ ನೀರೊಡೆದು ಮೇಲೆ ಬರುತ್ತದೆ. ಸೊಳೆ ಆ ನೀರಿನ ಅಡಿಯಲ್ಲೇ ಇರಬೇಕು, ತಲೆ ಎತ್ತಿದ್ದಕ್ಕೆ ಬೂಸರು ಹಿಡಿಯುತ್ತದೆ. ಒದ್ದೆ ಕೈ ಹಾಕುವವರನ್ನು ಭರಣಿಯ ಹತ್ತಿರ ಬಿಡಬೇಡಿ, ಅಳಿಯನಾದರೂ ಸರಿ. ಆಟಿಯಲ್ಲಿ ತೆಗೆದು ಹಿಂದಿನ ರಾತ್ರಿಯೇ ನೀರಿಗೆ ಹಾಕಿ, ಎರಡು ಮೂರು ಸಲ ನೀರು ಬದಲಿಸಿ. ಪಲ್ಯ ಆಗುತ್ತದೆ, ರೊಟ್ಟಿ ಆಗುತ್ತದೆ. ಅಕ್ಕಿ ಜೊತೆ ಗಟ್ಟಿಗೆ ರುಬ್ಬಿ ಸಣ್ಣ ಉಂಡೆ ಮಾಡಿ ತೆಂಗಿನೆಣ್ಣೆಯಲ್ಲಿ ಕರಿದರೆ ಉಂಡ್ಲಕಾಳು. ಹೊರಗೆ ಧೋ ಅಂತ ಮಳೆ, ಒಳಗೆ ಬಿಸಿ ಉಂಡ್ಲಕಾಳು, ಇದಕ್ಕಿಂತ ಜಾಸ್ತಿ ನನಗೇನೂ ಬೇಡ. ತೆಗೆದಿಟ್ಟ ಬೇಳೆಯನ್ನು ಎಸೆಯಬೇಡಿ. ಕೆಂಪು ಮಣ್ಣು ಕಲಸಿ ಮೆತ್ತಿ ಮೂಲೆಯಲ್ಲಿ ಇಟ್ಟರೆ ಮಳೆಗಾಲಕ್ಕೆ ಸಾರು, ಪಲ್ಯಕ್ಕೆ ಆಯಿತು.

ಹಪ್ಪಳ ಒಬ್ಬರ ಕೆಲಸ ಅಲ್ಲ. ಮಕ್ಕಳಿಗೆ ರಜೆ ಇರುವಾಗ, ಅಕ್ಕತಂಗಿಯರು ಬಂದಿರುವಾಗಲೇ ಮಾಡಿ. ಬೇಯಿಸುವವರು, ರುಬ್ಬುವವರು, ಉಂಡೆ ಕಟ್ಟುವವರು, ಒತ್ತುವವರು, ಚಾಪೆಯ ಹತ್ತಿರ ಕೂತು ಕಾಗೆ ಓಡಿಸುವವರು. ಹಿಟ್ಟಿಗೆ ನೀರು ತಾಗಿಸಬೇಡಿ. ನಮ್ಮ ಮನೆಯಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟಿದ್ದರೂ ಮಾತು ಮತ್ತೆ ಶುರುವಾಗುವುದು ಹಪ್ಪಳದ ದಿನವೇ. ಕೈಗೆ ಎಣ್ಣೆ ಹಚ್ಚಿಕೊಂಡು ಸಾಲಾಗಿ ಕೂತಾಗ ಎಷ್ಟು ಹೊತ್ತು ಮುಖ ತಿರುಗಿಸುತ್ತೀರಿ?

ಸೌದೆ, ಒಣ ಮಡಲು, ತೆಂಗಿನ ಸಿಪ್ಪೆ ಪತ್ತನಾಜೆಗೆ ಮೊದಲೇ ಒಳಗೆ ಬರಲಿ. ಮಳೆಗಾಲದಲ್ಲಿ ಬೆಂಕಿಪೆಟ್ಟಿಗೆಯನ್ನು ಅಕ್ಕಿ ಡಬ್ಬಿಯಲ್ಲಿ ಇಡಿ.

ತೋಟದ ಮಾತು ಗಂಡಸರದ್ದು ಅನ್ನುವವರಿದ್ದಾರೆ. ಅಡಕೆಗೆ ಕೊಳೆರೋಗ ಬಂದರೆ ಅಡುಗೆಮನೆಗೂ ಬರುತ್ತದೆ, ಹಾಗಾಗಿ ನಾನೂ ಹೇಳುತ್ತೇನೆ. ಒಂದು ವರ್ಷ ಮದ್ದು ಬಿಡುವವನು ನಾಳೆ ಬರುತ್ತೇನೆ, ನಾಡಿದ್ದು ಬರುತ್ತೇನೆ ಅಂದ. ನಮ್ಮ ಮನೆಯವರೂ ಮಳೆ ತಡ ಅಂತ ನಂಬಿ ಕೂತರು. ಮಳೆ ತಡವಾಗಲಿಲ್ಲ. ಆಟಿಯಲ್ಲಿ ತೋಟಕ್ಕೆ ಹೋದರೆ ಕಾಲಡಿಯಲ್ಲೆಲ್ಲ ಕೊಳೆತ ಎಳೆ ಅಡಕೆ. ಆ ವರ್ಷದ ಲೆಕ್ಕ ಬರೆಯಲಿಲ್ಲ. ಈಗ ಮೊದಲ ಬೋರ್ಡೋ ದ್ರಾವಣ ಮುಂಗಾರು ಹಿಡಿಯುವ ಮೊದಲೇ, ಎರಡನೆಯದು 40–45 ದಿನಕ್ಕೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಕಬ್ಬಿಣದ ಪಾತ್ರೆ ಬೇಡ. ಕಲಸಿದ ಮೇಲೆ ಹೊಳೆಯುವ ಕಬ್ಬಿಣದ ಚೂರಿಯೊಂದನ್ನು ಅದ್ದಿ ನೋಡಿ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಅಂದು ಮಾಡಿದ್ದನ್ನು ಅಂದೇ ಮುಗಿಸಬೇಕು. ಚೂರಿಯನ್ನು ಅಡುಗೆಮನೆಯಿಂದ ಮಾತ್ರ ತೆಗೆದುಕೊಂಡು ಹೋಗಬೇಡಿ, ನನ್ನ ಒಂದು ಚೂರಿ ಹಾಗೇ ಹೋಯಿತು.

ಆಟಿಯಲ್ಲಿ ಹೊಸದು ಏನೂ ಶುರು ಮಾಡಬೇಡಿ. ಪಕ್ಕದ ಮನೆಯಿಂದ ರಾಮಾಯಣ ಓದುವುದು ಕೇಳಿಸುತ್ತದೆ, ಅವರಿಗೆ ಅದು ಕರ್ಕಿಡಕ ಮಾಸ. ನಮಗೆ ತಗತೆ ಸೊಪ್ಪು, ಪತ್ರೊಡೆ, ಎಳೆ ಬಿದಿರಿನ ಕಣಿಲೆ. ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ ಕಷಾಯ, ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ, ಬಿಸಿ ಮಾಡಿದ ಬೆಣಚು ಕಲ್ಲಿನ ಒಗ್ಗರಣೆ ಕೊಟ್ಟು. ಹಿಂದೆಯೇ ಮೆಂತೆ ಗಂಜಿ. ಇಲ್ಲಿ ಒಂದು ಮಾತನ್ನು ದಯವಿಟ್ಟು ಕೇಳಿ. ಕೆತ್ತೆ ತರುವುದು ಬೆಳಕು ಹರಿಯುವ ಮೊದಲು. ಕತ್ತಲಲ್ಲಿ ಕಾಸರಕದ ಮರವನ್ನೇ ಪಾಲೆ ಅಂತ ಕೆತ್ತಿ ತಂದರೆ ಅದು ವಿಷ. ಮುನ್ನಾ ದಿನ ಹಗಲಲ್ಲೇ ಮರ ನೋಡಿ ಗುರುತು ಕಟ್ಟಿ ಬನ್ನಿ. ಪಾಲೆಗೆ ಗೆಲ್ಲಿನ ಸುತ್ತ ಬೆರಳು ಬಿಡಿಸಿದ ಹಾಗೆ ಐದಾರು, ಏಳು ಎಲೆ, ಗಾಯ ಮಾಡಿದರೆ ಬಿಳಿ ಹಾಲು. ಕಾಸರಕಕ್ಕೆ ಎಲೆ ಎರಡೆರಡೇ ಎದುರುಬದುರು, ಹಾಲಿಲ್ಲ. ಗೊತ್ತಿಲ್ಲದವರು ಆ ಒಂದು ದಿನ ಕುಡಿಯದಿದ್ದರೂ ಏನೂ ಆಗುವುದಿಲ್ಲ. ಬಸುರಿಯರಿಗೆ ಬೇಡವೇ ಬೇಡ.

ಆಟಿ ಕಳೆದು ಸೋಣ ತಿಂಗಳಲ್ಲಿ ಬಿಸಿಲು ಕಂಡ ದಿನ ರೇಷ್ಮೆ ಸೀರೆಗಳನ್ನು ನೆರಳಲ್ಲಿ ಗಾಳಿಗೆ ಹರಡಿ, ಮಡಿಕೆ ಬದಲಿಸಿ ಇಡಿ. ನವರಾತ್ರಿಯ ಹೊತ್ತಿಗೆ ಹೊಸ ಅಕ್ಕಿ ಊಟ. ಬಿಸುವಿನ ಸಂಕಲ್ಪ ಎಲ್ಲಿಗೆ ಬಂತು ಅಂತ ನಾನು ನನ್ನನ್ನೇ ಕೇಳಿಕೊಳ್ಳುವುದು ಅಂದೇ. ಅರ್ಧ ವರ್ಷ ಆಗಿರುತ್ತದೆ, ಇನ್ನರ್ಧ ಕೈಯಲ್ಲಿರುತ್ತದೆ. ಕುಂಬಳೆಯ ತಂಗಿಯ ವಿಷಯ ನೆನಪಾದದ್ದೂ ಹಾಗೇ, ಮಳೆಯ ನೆಪ ಹೇಳಿ ಎರಡು ತಿಂಗಳು ತಪ್ಪಿಸಿದ್ದೆ. ದೀಪಾವಳಿ ಕಳೆದು ಮಳೆ ದೂರವಾದರೆ ತೋಡಿಗೆ ಕಟ್ಟ ಹಾಕುವ ಕೆಲಸ, ಅಂಗಳದಲ್ಲಿ ಅಡಕೆ. ಅಡಕೆಗೆ ಸುಮಾರು 40 ಬಿಸಿಲು ಬೇಕು. ಅಷ್ಟು ದಿನ ಅಂಗಳದಲ್ಲಿ ನಡೆಯಲು ಜಾಗ ಕೇಳಬೇಡಿ.

ಕಳೆದ ಬಿಸುವಿಗೆ ಪುಳ್ಳಿ ಬಂದು, "ಅಜ್ಜಿ, ಈ ವರ್ಷದ್ದು ಎಂತ?" ಅಂತ ಕೇಳಿದಳು. ಅವಳು ಹೋಗುವುದು ಇಂಗ್ಲಿಷ್ ಶಾಲೆಗೆ. ಮಲಯಾಳ ಓದುತ್ತಾಳೆ, ಕನ್ನಡ ಮಾತಾಡುತ್ತಾಳೆ, ಬರೆಯಲು ಆಗ ಬರುತ್ತಿರಲಿಲ್ಲ. ಈ ವರ್ಷದ ಹಿಡಿ ನೀನೇ ಎಂದೆ. ಕಾಪಿ ಪುಸ್ತಕ ತಂದುಕೊಟ್ಟರೆ ಅದು ನನ್ನ ಡೈರಿಯ ದಾರಿ ಹಿಡಿಯುತ್ತದೆ ಅಂತ ಗೊತ್ತಿತ್ತು. ಅದಕ್ಕೆ ಅಟ್ಟದ ಭರಣಿ, ಡಬ್ಬಿಗಳಿಗೆಲ್ಲ ಚೀಟಿ ಬರೆಯುವ ಕೆಲಸ ಅವಳಿಗೆ ಕೊಟ್ಟೆ. ಒಳಗೆ ಏನಿದೆ, ಯಾವ ತಿಂಗಳು ಹಾಕಿದ್ದು. ಪೆನ್ಸಿಲಿನಲ್ಲೇ ಬರೆಸಿ, ಶಾಯಿ ಆಟಿಯ ತೇವಕ್ಕೆ ಹರಡುತ್ತದೆ. ಒಂದೊಂದು ಚೀಟಿಗೆ ಎರಡು ಹೊಸ ಅಕ್ಷರ ಸಿಗುತ್ತಿತ್ತು. ಒತ್ತಕ್ಷರಕ್ಕೆ ಉಪ್ಪಿನಕಾಯಿಯೇ ಗುರು. ಉಪ್ಪುಸೊಳೆ ಅವಳ ಕೈಯಲ್ಲಿ ‘ಉಪುಸೋಳೆ’ ಆಗಿ ಈಗಲೂ ಭರಣಿಯ ಮೇಲಿದೆ. ನಾನು ತಿದ್ದಲಿಲ್ಲ.

ಮೊನ್ನೆ ನೋಡುತ್ತೇನೆ, ಹಪ್ಪಳದ ಡಬ್ಬಿಗೆ ನಾನು ಹೇಳದೆಯೇ ಇನ್ನೊಂದು ಚೀಟಿ ಬಂದಿದೆ. ‘ಅಜ್ಜಿಯನ್ನು ಕೇಳಿ ತೆಗೆಯಿರಿ.’ ಒತ್ತು, ದೀರ್ಘ ಒಂದೂ ತಪ್ಪಿಲ್ಲ. ಮುಚ್ಚಳ ತೆಗೆದು ಎಣಿಸಿದೆ. ಹತ್ತು ಹಪ್ಪಳ ಕಡಿಮೆ ಇತ್ತು.